ಅರ್ಥಿಂಗ್ ಕಡ್ಡಿ

ತಂತಿ ಕೊಳ್ಳಲು ವಾದ್ಯದಂಗಡಿಯ ಸಾಲಿನಲ್ಲಿ ನಿಂತಿದ್ದ ಪಿಟೀಲು ಕಲಿಸುವ ಮೇಡಂ ಕಿವಿಗೆ ಮುಂದಿದ್ದ ಭಾವ-ಭಾಮೈದರ ಮಾತು ಬಿತ್ತು.

“ಭಾವ, ಅಕ್ಕನ ಬೇಸ್ ಗಿಟಾರಿಗೆ ಮೊನ್ನೆ ತಾನೆ ಹೊಸ ತಂತಿ ಹಾಕಿದ್ವಲ್ಲ?”

“ನುಡಿಸ್ತಾ ಬ್ಲೂಸ್ ಹಾಡುವಾಗ ತುಟಿ ಮೈಕಿಗೆ ತಾಗಿದ್ರೆ ಚುರ್ ಅನ್ನುತ್ತಂತೆ ಕಣೋ. ತಂತೀದೇ ದೋಷ.”

“ಆಂಪ್ಲಿಫೈಯರ್ ಗುಂಯ್ ಅಂತಿತ್ತಲ್ಲ, ಅದೇನಾಯ್ತು?”

“ಪ್ಲಗ್ಗಿನ ಅರ್ಥಿಂಗ್ ಕಡ್ಡಿ ಕತ್ತರಿಸಿ ಬಿಸಾಕ್ದೆ. ಈಗ ತುಟಿಪಿಟಕ್ ಅನ್ನಲ್ಲ.”

ಮೇಡಂ ಭಾವನ ತೋಳು ಹಿಡಿದೆಳೆದರು.

“ಅದು ತಂತಿ ದೋಷ ಅಲ್ಲ ಸ್ವಾಮಿ, ಕರೆಂಟು! ಅರ್ಥಿಂಗ್ ಇಲ್ದೆ ಅದು ಗಿಟಾರಿನಿಂದ ಅವರ ಮೈಗೇ ಹರಿಯುತ್ತೆ! ಈಗ್ಲೇ ಫೋನ್ ಮಾಡಿ, ಗಿಟಾರ್ ಮುಟ್ಟಬೇಡ ಅನ್ನಿ!”

ಭಾವ ಫೋನ್ ಕಿವಿಗಿಟ್ಟ.

“ರಿಂಗಾಗ್ತಾನೇ ಇದೆ. ಎತ್ತುತ್ತಿಲ್ಲ.”

“ಒರೆಸಿದ ನೆಲ ಇನ್ನೂ ಒಣಗಿರ್ಲಿಲ್ಲ, ಭಾವ. ಅಕ್ಕ ಬರಿಗಾಲಲ್ಲಿದ್ಲು.”

ತಂತಿಯ ಪೊಟ್ಟಣ ಗಲ್ಲಾದ ಮೇಲೇ ಉಳಿಯಿತು. ಇಬ್ಬರೂ ಬಾಗಿಲತ್ತ ಓಡಿದರು. ಫೋನ್ ಇನ್ನೂ ರಿಂಗಾಗುತ್ತಿತ್ತು.