ಭಟ್ಟರ ಸಟ್ಟುಗ

ಪರರ ಮಾತಿಗೆ ಕಿವಿಗೊಡುವವಳಲ್ಲ ಜಲಜಾಕ್ಷಿ. ಆದರೆ ಮದರಾಸು ಸೆಂಟ್ರಲ್ಲಿನಲ್ಲಿ ತಂಗಿಗಾಗಿ ಮಂಗಳೂರು ಮೇಲ್ ಕಾಯುತ್ತಿದ್ದಾಗ, ಬೆನ್ನ ಹಿಂದಿನ ಬೆಂಚಿನಲ್ಲಿ ಇಬ್ಬರು ಹೋಟೆಲ್ ಕೆಲಸಗಾರರು ಅವಳ ಊರಿನ ಕಡೆಯ ಕನ್ನಡದಲ್ಲೇ ಪಿಸುಗುಟ್ಟುತ್ತಿದ್ದರು. ಕೇಳದೆ ಇರುವುದಾದರೂ ಹೇಗೆ?

“ಸದಾನಂದ, ದೋಸೆ ಸಟ್ಟುಗ ಹೊಸತು ಅಂತ ಈ ರೈಲಲ್ಲಿ ಬರುವ ನಮ್ಮ ಅಡುಗೆ ಭಟ್ರಿಗೆ ಗೊತ್ತಾದರೆ?”

“ಹೇಗೆ ಗೊತ್ತಾಗ್ತದೆ ಮಾರಾಯ? ಹುಣಿಸೆಹುಳಿ, ಉಪ್ಪು ಬಳಿದು ರಾತ್ರಿಯಿಡೀ ಇಟ್ಟು ಹೊಳಪು ಹೋಗಿಸಿದ್ದೇನೆ. ಹೊಗೆಯಲ್ಲಿಟ್ಟು ಕರಿ ಮಾಡಿದ್ದೇನೆ. ಒಂದು ಮೂಲೆಯನ್ನು ಕಲ್ಲಿಗೆ ಉಜ್ಜಿ ಸವೆಸಿದ್ದೂ ಆಯ್ತು.”

“ಹಳೆಯದು ಅವರ ಅಪ್ಪನ ಸಟ್ಟುಗ. ನಾಳೆ ಆಯುಧಪೂಜೆಗೆ ದೇವರ ಎದುರು ಅದನ್ನೇ ಇಡುವುದು. ಇಲ್ಲದಿದ್ದರೆ ಅವರು ಮತ್ತೆ ದೋಸೆಕಲ್ಲಿನ ಹತ್ತಿರ ಬರಲಿಕ್ಕಿಲ್ಲ.”

“ಅದನ್ನು ಹಳೆ ಕಬ್ಬಿಣದವನಿಗೆ ಕೊಟ್ಟದ್ದು ಯಾರು ರಘುರಾಮ? ನಾನಾ?”

“ಅಡುಗೆಮನೆ ಚೊಕ್ಕ ಮಾಡು ಅಂದ್ರು ಧಣಿಗಳು. ಕರಿ ತಗಡು ಅಂತ ಹಾಕಿಬಿಟ್ಟೆ.”

ರೈಲು ಬಂದು ನಿಂತಿತು. ಮುದುಕರೊಬ್ಬರು ಟ್ರಂಕು ಇಳಿಸಿ, ಆ ಇಬ್ಬರನ್ನು ಕಂಡು ಎಡಗೈ ಎತ್ತಿ ಬೀಸಿದರು.

“ಸದಾನಂದ, ಯಾವ ಮೂಲೆ ಸವೆಸಿದ್ದು ನೀನು?”

“ಬಲಗೈಯಲ್ಲಿ ಹಿಡಿದರೆ ಯಾವುದು ಸವೆಯುತ್ತದೋ ಅದು.”

“ಭಟ್ರು ಎಡಗೈಯವರಲ್ವಾ ಮಾರಾಯ!”

“ಅಯ್ಯೋ ದೇವರೇ. ಮಗುಚಿ ನೇತುಹಾಕಿದರೆ?”

“ಹಿಡಿ ಬಾಗಿದ್ದಲ್ವಾ, ಮಗುಚಿದರೆ ತಿರುಗುಮುರುಗು ಅಂತ ಕೂಡಲೇ ಕಾಣ್ತದೆ.”

“ಮಕ್ಕಳೇ, ನನ್ನ ಸಟ್ಟುಗ ಜೋಪಾನ ಉಂಟಲ್ಲ?” ಎಂದು ಮುದುಕರು ಅಲ್ಲಿಂದಲೇ ಕೂಗಿದರು.

ಇಬ್ಬರೂ ಎದ್ದು ನಡೆದರು, ಒಬ್ಬರನ್ನೊಬ್ಬರು ಮುಂದಕ್ಕೆ ನೂಕುತ್ತಾ.