ಆ ತಾರೀಕಿನವು ಎರಡಿವೆ

ಇದು ನಮ್ಮ ಪಕ್ಕದ ಮನೆಯವರ ಅಳಿಯನಿಗೆ ಆದದ್ದು. ಕಟ್ಟಿದ ಕತೆಯಲ್ಲ. ಸರಿರಾತ್ರಿ, ಹಾಳು ಬಾವಿಯ ದಾರಿಯಲ್ಲಿ ಕಾಲೆಳೆಯುತ್ತ ಮನೆಗೆ ಹೋಗುತ್ತಿದ್ದ. ಮೂರು ದಿನದಿಂದ ನಿದ್ದೆಯಿಲ್ಲ.

ಆಸ್ಪತ್ರೆಗಳ ಲಿಫ್ಟ್ ನಡೆಸುವ ಸಾಫ್ಟ್‌ವೇರನ್ನು ತಿದ್ದಿ, ನಂಬರು ಕೊಟ್ಟು ಕಳಿಸುವುದು ಅವನ ಕೆಲಸ. ಒಳಗಿರುವುದಕ್ಕಿಂತ ದೊಡ್ಡ ನಂಬರಿನದನ್ನು ಮಾತ್ರ ಲಿಫ್ಟು ಹಾಕಿಕೊಳ್ಳುತ್ತದೆ. ಮುಂಚೆ ಆ ಕುರ್ಚಿಯಲ್ಲಿದ್ದ ಮುದುಕರು ಆಯಾ ದಿನದ ತಾರೀಕನ್ನೇ ನಂಬರಾಗಿ ಕೊಡುತ್ತಿದ್ದರು. ವರ್ಷ, ತಿಂಗಳು, ದಿನ, ಒಂದಕ್ಕೊಂದು ಅಂಟಿಸಿ. ಆಫೀಸಿನಲ್ಲಿ ಅವರ ಹೆಸರೇ ತಾರೀಕಪ್ಪ. ಹೋದ ವರ್ಷ ತೀರಿಕೊಂಡರು. ಇನ್ನು ಒಂದು, ಎರಡು ಎಂದೇ ಎಣಿಸಿ ಎಂದರು ಮೇಲಿನವರು. ಇವನು ಬಾಗಿಲ ದೋಷ ತಿದ್ದಿ, ಒಂದು ಎಂದು ಬರೆದು ಕಳಿಸಿ ಬಂದಿದ್ದ.

ಫೋನು ಗುಂಯ್‌ಗುಟ್ಟಿತು. ಹೆಂಡತಿ. ನರ್ಸು, ರಾತ್ರಿ ಪಾಳಿ.

“ರೀ... ಸರಿಮಾಡಿದೆ ಅಂದ್ರಲ್ಲ? ಬಾಗಿಲು ತೆಗೀತು, ಒಳಗೆ ಲಿಫ್ಟಿನ ಪೆಟ್ಟಿಗೇನೇ ಇಲ್ಲ. ಒಂದು ಕಾಲು ಇಟ್ಟೇಬಿಟ್ಟಿದ್ದೆ.”

“ಮೆಟ್ಟಿಲಲ್ಲಿ ಹೋಗೇ.”

“ಮಂಚದ ಸಮೇತ ರೋಗೀನ ಹೊತ್ಕೊಂಡಾ? ನಾನೇನು ಹಮಾಲೀನಾ? ಕೆಳಗೆ ಆಪರೇಷನ್‌ಗೆ ಕಾಯ್ತಿದಾರೆ.” ಇಟ್ಟುಬಿಟ್ಟಳು.

ಎಲ್ಲಿ ತಪ್ಪಿತು? ತಲೆ ಓಡಲಿಲ್ಲ. ಬಾವಿಕಟ್ಟೆಯ ಮೇಲೆ ಕುಸಿದು ಕೂತ. ರಾಟೆಯಿಲ್ಲ, ಹಗ್ಗವಿಲ್ಲ, ನೀರೂ ಇಲ್ಲದ ಬಾವಿ. ಆದರೂ ತಳದಲ್ಲಿ... ಟಿಂಗ್. ಲಿಫ್ಟ್ ಬಂದು ನಿಂತ ಸದ್ದು. ಆಮೇಲೆ ಬಾಗಿಲು ಸರಿದದ್ದು... ಸರ್ರ್...

“ಮರಿ... ಇವತ್ತು ತಾರೀಕೆಷ್ಟು?”

ಕಳಿಸುವ ಮುಂಚೆ ಮುದುಕರು ಪ್ರತಿ ಸಲ ಇವನನ್ನು ಕೇಳುತ್ತಿದ್ದದ್ದು ಅದನ್ನೇ.

“ಹದಿನೆಂಟು, ಸಾರ್,” ಅಂದುಬಿಟ್ಟ. ಅಂದ ಮೇಲೆ ಕಟ್ಟೆಯಿಂದ ಛಂಗನೆ ಎದ್ದ. ಹೊಳೆದದ್ದೂ ಆಗಲೇ. ಮುದುಕರ ಕೊನೆಯ ತಾರೀಕು ಲಿಫ್ಟಿನ ಕಣ್ಣಿಗೆ ಎರಡು ಕೋಟಿ ಚಿಲ್ಲರೆ. ಅದರ ಮುಂದೆ ತಾನು ಬರೆದ ಒಂದು ಯಾವ ಲೆಕ್ಕ? ಲಿಫ್ಟು ಅದನ್ನು ಹಾಕಿಕೊಂಡೇ ಇಲ್ಲ.

ಆಫೀಸಿಗೆ ಓಡಿದ. ತಾನೇ ಹಾಕಿದ ಬೀಗ ಹಾಗೇ ಇತ್ತು. ಆ ದಿನದ ತಾರೀಕು ಒತ್ತಿದ. ಯಂತ್ರ ಒಲ್ಲೆ ಎಂದಿತು: ಈ ನಂಬರು ಆಗಲೇ ಹೋಗಿದೆ.

ಯಾರು ಕಳಿಸಿದರೆಂದು ನೋಡುವ ಧೈರ್ಯವಾಗಲಿಲ್ಲ. ಒಂದೇ ದಿನ ಎರಡು ಸಲ ಕಳಿಸುವಾಗ ಮುದುಕರು ಮಾಡುತ್ತಿದ್ದಂತೆ, ತಾರೀಕಿನ ಮುಂದೆ ಚುಕ್ಕಿಯಿಟ್ಟು ಎರಡು ಬರೆದು ಕಳಿಸಿದ. ಹೆಂಡತಿಗೆ ಫೋನು ಮಾಡಿದ.

“ಈಗ ನೋಡು.”

“ಈಗೇನು ನೋಡೋದು? ನಿಮ್ಮ ಫೋನ್ ಇಟ್ಟ ಸ್ವಲ್ಪ ಹೊತ್ತಿಗೇ ಸರಿಹೋಯ್ತಲ್ಲ. ರೋಗೀನ ಆಪರೇಷನ್‌ಗೆ ಒಳಗೆ ಕರ್ಕೊಂಡೂ ಆಯ್ತು. ನೀವು ಹೋಗಿ ಮಲಗ್ರಿ.”

ಬೆಳಗ್ಗೆ, ಆ ತಾರೀಕಿನಲ್ಲಿ ತನಗಿಂತ ಮೊದಲೇ ಹೋಗಿದ್ದನ್ನು ಬಿಚ್ಚಿ ನೋಡಿದ. ಅವನ ತಿದ್ದುಪಡಿಯೇ, ಅಕ್ಷರ ಅಕ್ಷರ.

ನೀವು ನಗಬಹುದು, ನಗಿ. ಹದಿನೆಂಟನೇ ತಾರೀಕಿನವು ಇವತ್ತಿಗೂ ಎರಡಿವೆ. ಅವುಗಳಲ್ಲಿ ಅವನು ಕಳಿಸಿದ್ದು ಒಂದೇ.