ಅತಿಮೆ ಕೊಟ್ಟ ಮರ್ಯಾದೆ

ಮೋಪ್ತಿ ಪಟ್ಟಣದಿಂದ ಹೊರಟು ಅದು ಎರಡನೆಯ ಸಂಜೆ. ತಂಗಿ ಉಮ್ಮುವಿನ ಮದುವೆಗೆಂದು ದಿರೇ ಊರಿನ ತನಕ ನಾವು ಆರು ಮಂದಿ ಒಂದು ಮೋಟಾರು ದೋಣಿಯನ್ನೇ ಪೂರ್ತಿ ಗೊತ್ತುಮಾಡಿಕೊಂಡಿದ್ದೆವು. ದೆಬೊ ಸರೋವರವನ್ನು ದಾಟಿ ಮತ್ತೆ ನದಿಗೆ ಇಳಿಯುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ದೋಣಿಯನ್ನು ದಡದ ಮರಕ್ಕೆ ಕಟ್ಟಿ, ಚಾಪೆಯ ಪರದೆಗಳನ್ನು ಇಳಿಸಿ, ಇದ್ದಿಲ ಒಲೆಯ ಸುತ್ತ ಮುದುಡಿ ಕೂತೆವು. ದೋಣಿಯ ಒಡೆಯ ಲಾಸಿನಾ ಅಜ್ಜ ಚಹಾ ಕಾಯಿಸುತ್ತಿದ್ದ.

"ನಲವತ್ತು ವರ್ಷ ನೀರಿನ ಮೇಲೇ ಇದ್ದೀರಲ್ಲ ಅಜ್ಜ, ಒಂದು ದೆವ್ವನೂ ಕಂಡಿಲ್ವಾ?" ಎಂದಳು ಉಮ್ಮು.

ಅಜ್ಜ ಎಲ್ಲರ ಲೋಟಕ್ಕೂ ಚಹಾ ಬಗ್ಗಿಸಿದ. ತನ್ನದನ್ನು ಮುಟ್ಟಲಿಲ್ಲ.

"ಕಂಡಿದ್ದೀನಿ ಮಗಳೇ. ಆದ್ರೆ ಅದು ಹೆದರಿಕೆ ಕತೆ ಅಲ್ಲ... ನಾಚಿಕೆ ಕತೆ. ಮೀನು ಹಿಡಿಯೋ ನಮ್ಮ ಬೊಜೊ ಜನಕ್ಕೂ ಬೆಟ್ಟದ ದೊಗೊನ್ ಜನಕ್ಕೂ ಇರೋ ಬೈಗುಳದ ನೆಂಟಸ್ತಿಕೆ ನಿಮಗೆ ಗೊತ್ತೇ ಇದೆ. ಎದುರು ಸಿಕ್ಕಿದ್ರೆ ಬೈಬೇಕು, ಬೈದವನು ಏನು ಕೇಳಿದ್ರೂ ಇಲ್ಲ ಅನ್ನಬಾರದು. ಅತಿಮೆ ಗಿಂದೊ ಅಂತ ಒಬ್ಬ ದೊಗೊನ್ ನನಗೆ ಹಾಗೆ ನೆಂಟ. ಸಂತೆಯಿಂದ ಸಂತೆಗೆ ಈರುಳ್ಳಿ ಮಾರ್ತಿದ್ದ. ದಡದಲ್ಲಿ ನನ್ನ ದೋಣಿ ಕಂಡರೆ ಸಾಕು, 'ಲೋ ಮೀನುನಾತದವನೇ, ನಿಲ್ಸೋ ನಿನ್ನ ತೊಟ್ಟಿನ!' ಅಂತ ಕೂಗೋನು. ನಾನು, 'ಹತ್ತೋ ಈರುಳ್ಳಿತಲೆ, ಬೊಗಸೆ ನೀರಲ್ಲಿ ಮುಳುಗೋ ಜಾತಿ ನಿಂದು!' ಅನ್ನೋನು. ಒಂದು ಸಲವೂ ಅವನ ಹತ್ರ ಬಾಡಿಗೆ ಮುಟ್ಟಿಲ್ಲ ನಾನು.

"ಆ ವರ್ಷ ಹೊಸ ದೋಣಿ ಮಾಡಿಸಿದ್ದೆ. ರಾಜಧಾನಿ ಬಮಾಕೊದಿಂದ ಒಬ್ಬ ಸಾಹುಕಾರ ಹೆಂಡತಿ, ಸ್ನೇಹಿತರನ್ನ ಕರ್ಕೊಂಡು ನಾಲ್ಕು ದಿನದ ವಿಹಾರಕ್ಕೆ ಬಂದ. ಮೆತ್ತೆ ಏನು, ಐಸುಪೆಟ್ಟಿಗೆ ಏನು... ನನಗೂ ಇಸ್ತ್ರಿ ಮಾಡಿದ ಅಂಗಿ. ದೆಬೊ ನಡುವೆ ಒಂದು ಮಣ್ಣುದಿಬ್ಬ ಇದೆಯಲ್ಲ, ಅಲ್ಲಿ ಅತಿಮೆ ನಿಂತಿದ್ದ. ಮೈಯೆಲ್ಲ ಕೆಸರು, ಪಕ್ಕದಲ್ಲಿ ಬಾಯಿಬಿಟ್ಟ ಪುಟ್ಟ ದೋಣಿ, ತಲೆ ಮೇಲೆ ಈರುಳ್ಳಿ ಮೂಟೆ. 'ಲೋ ಮೀನುನಾತದವನೇ, ಬಾರೋ ಇಲ್ಲಿ!' ಅಂದ. ಸಾಹುಕಾರನ ಹೆಂಡತಿ ಮೂಗು ಮುಚ್ಕೊಂಡಳು. 'ಯಾರಯ್ಯ ಅವನು, ನಿನಗೆ ಬೇಕಾದವನಾ?' ಅಂತ ಸಾಹುಕಾರ ಕೇಳಿದ.

"ಏನಂದೆ ಗೊತ್ತಾ? 'ಇಲ್ಲ ಸಾಹೇಬ್ರೇ, ಯಾರೋ ಹುಚ್ಚ' ಅಂದೆ.

"ಅತಿಮೆ ನಗ್ತಾನೇ ಇದ್ದ. ತಮಾಷೆ ಅಂದ್ಕೊಂಡ. ದೋಣಿ ದೂರ ಹೋದ ಹಾಗೆಲ್ಲ ಬೈಗುಳ ಜೋರಾಯ್ತು, ಆಮೇಲೆ ಬೈಗುಳ ನಿಂತು ಬರೀ ನನ್ನ ಹೆಸರು ಕೇಳಿಸ್ತು... ಬೇರೆ ದೋಣಿ ಯಾವುದಾದ್ರೂ ಬರುತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ. ಸಂಜೆ ಬಿರುಗಾಳಿ ಎದ್ದಿತು. ದೆಬೊ ಅಲೆ ನೀವೂ ನೋಡಿದ್ದೀರಿ. ವಾಪಸ್ ಬರುವಾಗ ದಿಬ್ಬದ ಮೇಲೆ ಏನೂ ಇರಲಿಲ್ಲ. ಸುತ್ತ ಈರುಳ್ಳಿ ತೇಲ್ತಾ ಇತ್ತು, ಅಷ್ಟೇ.

"ಸಾವಿನ ಮನೆಗೆ ಹೋದೆ. ಅವನ ಹೆಂಡತಿ ಯಾಸಾ, ಅಷ್ಟು ದುಃಖದಲ್ಲೂ ಸಂಪ್ರದಾಯ ಬಿಡಲಿಲ್ಲ. 'ಬಂದ ನೋಡ್ರೋ ಮೀನುನಾತದವನು, ಹೆಣದ ಮನೆಗೂ ಊಟಕ್ಕೆ ಬಂದ!' ಅಂದಳು. ಎಲ್ಲರೂ ಕಣ್ಣೀರಲ್ಲೇ ನಕ್ಕರು. ತಿರುಗಿ ಬೈಬೇಕಿತ್ತು ನಾನು. ತಲೆ ಬಗ್ಗಿಸಿ ಅವರ ಅನ್ನ ಉಂಡೆ... ನಿಜ ಹೇಳದೇ ಉಂಡೆ.

"ಮಾರನೇ ವರ್ಷ ನೀರು ಏರಿದಾಗ ಮತ್ತೆ ಅದೇ ದಾರಿ. ಹಾಡುಹಗಲು, ಅಲೆ ಇಲ್ಲ, ಗಾಳಿ ಇಲ್ಲ. ದಿಬ್ಬದ ಹತ್ರ ಮೊಣಕಾಲು ನೀರಲ್ಲಿ ಅತಿಮೆ ನಿಂತಿದ್ದ. ಕೂಗಲಿಲ್ಲ. ಎರಡೂ ಕೈ ಮುಂದೆ ಕಟ್ಕೊಂಡು, 'ಯಜಮಾನರೇ, ತಮಗೆ ತೊಂದರೆ ಆಗದಿದ್ರೆ ಸ್ವಲ್ಪ ಜಾಗ ಕೊಡ್ತೀರಾ?' ಅಂದ.

"ಯಜಮಾನರೇ! ತಾವು! ಇಪ್ಪತ್ತು ವರ್ಷ 'ಲೋ' ಅಂದ ಬಾಯಿ ಅದು! ಕತ್ತು ಹಿಡಿದಿದ್ರೂ ಅಷ್ಟು ನೋವಾಗ್ತಿರಲಿಲ್ಲ... ನೆಂಟಸ್ತಿಕೆ ಹರ್ಕೊಂಡ ಅವನು. ಪರಕೀಯನ ಹತ್ರ ಮಾತಾಡೋ ಹಾಗೆ ಮಾತಾಡಿದ."

"ಒಂದು ಸಲ ಬೈದುಬಿಡಬಾರದಾ ಅಜ್ಜ?" ಎಂದಳು ಉಮ್ಮು, ದನಿ ತಗ್ಗಿಸಿ. "ಈರುಳ್ಳಿತಲೆ, ಹತ್ತೋ ಅಂತ?"

"ನಮ್ಮ ಹಿರಿಯರೂ ಅದನ್ನೇ ಹೇಳಿದ್ರು. ಬೈದ್ರೆ ಬಿಡುಗಡೆ ಅವನಿಗೂ, ನನಗೂ. ಆದ್ರೆ ಯಾವ ಬಾಯಲ್ಲಿ ಬೈಲಿ ತಾಯಿ? ಗುರುತೇ ಇಲ್ಲ ಅಂದವನು ಯಾವ ಸಲಿಗೆಯಲ್ಲಿ ಬೈಯೋದು?"

ಹೊರಗೆ ಮಳೆ ಚಾಪೆಗಳಿಗೆ ಬಡಿಯುತ್ತಿತ್ತು. ಅಜ್ಜ ಯಾರ ಮುಖವನ್ನೂ ನೋಡಲಿಲ್ಲ.

"ಇವತ್ತು ಮಧ್ಯಾಹ್ನ ನೀವೆಲ್ಲ ಹಾಡು ಹೇಳ್ಕೊಂಡು ಕೂತಿದ್ರಿ. ದಿಬ್ಬದ ಹತ್ರ ನಿಂತಿದ್ದವನನ್ನ ಯಾರೋ ಬೆಸ್ತ ಅಂದ್ಕೊಂಡು ನೀನು ಕೈ ಬೀಸಿದೆ ಉಮ್ಮು... ಅವನು ಎದೆ ಮೇಲೆ ಕೈ ಇಟ್ಕೊಂಡು ನಿನಗೆ ತಲೆ ಬಾಗಿದ. ಆಮೇಲೆ ನನ್ನ ಕಡೆ ತಿರುಗಿ, ಅಷ್ಟೇ ಮರ್ಯಾದೆಯಿಂದ, ಅದೇ ಮಾತು ಕೇಳಿದ."

"ನೀವು ಏನಂದ್ರಿ?"

"ಎಂಜಿನ್ ಜೋರು ಮಾಡಿದೆ."